‘ಕರುಕ್ಕು’ ಕೆಜಿಎಫ್‌ಗೆ ಬಂದ ದಾರಿ

ತಮಿಳಿನ ಮೊದಮೊದಲ ಕಾದಂಬರಿಕಾರರಲ್ಲಿ ಕೆಲವರಿಗೆ ಅನುವಾದಕರೇ ಬೇಕಿರಲಿಲ್ಲ. ಎರಡೂ ಭಾಷೆ ಅವರ ಕೈಯಲ್ಲೇ ಇದ್ದವು. ‘ಕಮಲಾಂಬಾಳ್ ಚರಿತ್ರಂ’ ಬರೆದ ರಾಜಂ ಅಯ್ಯರ್ 1896ರಲ್ಲಿ ಮದ್ರಾಸಿನಿಂದ ಹೊರಟ ‘ಪ್ರಬುದ್ಧ ಭಾರತ’ ಎಂಬ ಇಂಗ್ಲಿಷ್ ಮಾಸಿಕದ ಸಂಪಾದಕರಾದರು. ಎರಡೇ ವರ್ಷಕ್ಕೆ, ಇಪ್ಪತ್ತಾರರ ಹರೆಯದಲ್ಲೇ ತೀರಿಕೊಂಡರು. ಉಪ್ಪಿನ ಇಲಾಖೆಯಲ್ಲಿದ್ದ ಅ. ಮಾಧವಯ್ಯ ತಮಿಳಿನಲ್ಲಿ ‘ಪದ್ಮಾವತಿ ಚರಿತ್ರಂ’, ಇಂಗ್ಲಿಷಿನಲ್ಲಿ ‘ತಿಲ್ಲೈ ಗೋವಿಂದನ್’ ಬರೆದರು. 1925ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಸೆನೆಟ್ ಸಭೆಯಲ್ಲಿ ತಮಿಳು ಕಡ್ಡಾಯವಾಗಬೇಕೆಂದು ಮಾತಾಡಿ, ಅಲ್ಲೇ ಕೊನೆಯುಸಿರೆಳೆದರು. ಅವರನ್ನು ನೆನೆದರೆ ಇಂದಿಗೂ ಕೈಮುಗಿಯಬೇಕೆನಿಸುತ್ತದೆ. ಆದರೂ ಇವರಿಬ್ಬರ ಆ ತಮಿಳು ಕಾದಂಬರಿಗಳು ಬ್ರಾಹ್ಮಣ ಮನೆತನಗಳ ಕತೆಗಳು. ಕೇರಿಯ ಮಾತು ಇಂಗ್ಲಿಷ್ ಪುಸ್ತಕವಾಗಲು ಇನ್ನೂ ಬಹುಕಾಲ ಹಿಡಿಯಿತು.

ಆ ಕೆಲಸದಲ್ಲಿ ನಾನು ಮೊದಲು ಹೆಸರಿಸುವುದು ಲಕ್ಷ್ಮಿ ಹೋಮ್‌ಸ್ಟ್ರಾಮ್ ಅವರನ್ನು. ಮದ್ರಾಸಿನಲ್ಲೂ ಆಕ್ಸ್‌ಫರ್ಡಿನಲ್ಲೂ ಓದಿ ಇಂಗ್ಲೆಂಡಿನಲ್ಲಿ ನೆಲೆಸಿದವರು. ನಮ್ಮ ಮೈಸೂರಿನ ಆರ್. ಕೆ. ನಾರಾಯಣ್ ಅವರ ಕಾದಂಬರಿಗಳ ಬಗ್ಗೆ ಪುಸ್ತಕ ಬರೆದವರೂ ಅವರೇ. ಅಂಬೈ, ಅಶೋಕಮಿತ್ರನ್, ಇಮೈಯಂ, ಸಲ್ಮಾ... ಇವರನ್ನೆಲ್ಲ ಒಬ್ಬರಾದ ಮೇಲೊಬ್ಬರಂತೆ ಇಂಗ್ಲಿಷಿಗೆ ತಂದರು. ಯಾರನ್ನು ಅನುವಾದಿಸಬೇಕೆಂಬ ಆ ಆಯ್ಕೆಯೇ ಅವರ ದೊಡ್ಡ ಕೊಡುಗೆಯೆಂದು ನನ್ನ ನಂಬಿಕೆ.

ಬಾಮಾ ಅವರ ‘ಕರುಕ್ಕು’ ತಮಿಳಿನಲ್ಲಿ ಬಂದದ್ದು 1992ರಲ್ಲಿ. ಕ್ರೈಸ್ತ ಸಂನ್ಯಾಸಿನಿಯರ ಮಠ ಬಿಟ್ಟು ಹೊರಬಂದ ದಲಿತ ಹೆಣ್ಣುಮಗಳೊಬ್ಬಳು ತನ್ನ ಕೇರಿಯ ಆಡುಮಾತಿನಲ್ಲೇ, ವ್ಯಾಕರಣಕ್ಕೆ ಅಂಜದೆ ಬರೆದ ಬದುಕು ಅದು. ಹೋಮ್‌ಸ್ಟ್ರಾಮ್ ಅವರ ಇಂಗ್ಲಿಷ್ ‘ಕರುಕ್ಕು’ 2000ದಲ್ಲಿ ಬಂತು, ಕ್ರಾಸ್‌ವರ್ಡ್ ಪ್ರಶಸ್ತಿಯನ್ನೂ ಪಡೆಯಿತು.

ಅದು ನನ್ನ ಕೈಸೇರಿದಾಗ ನಾನು ಕೆಜಿಎಫ್‌ನ ಕಾಲೇಜೊಂದರಲ್ಲಿ ಇಂಗ್ಲಿಷ್ ಮೇಡಂ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಚಿನ್ನದ ಗಣಿಗೆ ಕೈಹಾಕಿದ ಮೇಲೆ ಉತ್ತರ ಆರ್ಕಾಟಿನ ಕಡೆಯಿಂದ ಕೂಲಿಗೆ ಬಂದವರಲ್ಲಿ ದಲಿತರೇ ಬಹಳ. ಅವರ ಮರಿಮಕ್ಕಳು ನನ್ನ ತರಗತಿಯಲ್ಲಿದ್ದರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿ, ಮನೆಮನೆಯಲ್ಲೂ ಕೆಲಸ ಹೋಗಿತ್ತು. ಗಣಿ ಕೆಲಸಗಾರರ ಲೈನ್ ಮನೆಗಳಲ್ಲಿ ಆಡುವುದು ತಮಿಳು. ಶಾಲೆಯಲ್ಲಿ ಕಲಿತದ್ದು ಕನ್ನಡ, ಇಂಗ್ಲಿಷ್. ತಮಿಳು ಲಿಪಿ ಬಾರದವರು ಅವರಲ್ಲಿ ಎಷ್ಟೋ ಜನ.

ಪಠ್ಯದಲ್ಲಿ ಇಲ್ಲದಿದ್ದರೂ ‘ಕರುಕ್ಕು’ವಿನ ಒಂದು ಭಾಗ ಓದಿಸಿದೆ. ಊರಿನ ಹಿರಿಯರೊಬ್ಬರು ತಿಂಡಿಯ ಪೊಟ್ಟಣವನ್ನು ದಾರ ಹಿಡಿದು, ಕೈ ಸೋಕದಂತೆ ತೂಗಿಕೊಂಡು ಒಡೆಯರಿಗೆ ತಂದುಕೊಡುತ್ತಾರೆ. ಪುಟ್ಟ ಹುಡುಗಿ ಬಾಮಾಗೆ ಅದು ನಗು ಬರಿಸುವ ಆಟದಂತೆ ಕಾಣುತ್ತದೆ, ಅಣ್ಣ ಕಾರಣ ಹೇಳುವವರೆಗೆ. ತರಗತಿಯಲ್ಲಿ ಯಾರೂ ನಗಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮೇಡಂ, ನಮ್ಮ ಪಾಟಿ ಇದನ್ನೇ ಹೇಳ್ತಾರೆ, ಅವರೂರಲ್ಲೂ ಹಿಂಗೇ ಇತ್ತಂತೆ” ಅಂದಳು. ಪುಸ್ತಕವನ್ನು ಮನೆಗೊಯ್ದು ಇಂಗ್ಲಿಷಿನಲ್ಲಿ ಓದಿಕೊಂಡು, ಅಜ್ಜಿಗೆ ತಮ್ಮ ಲೈನಿನ ತಮಿಳಿನಲ್ಲಿ ಹೇಳಿದಳು. ಇಂಗ್ಲಿಷ್ ಅನುವಾದವೆಂದರೆ ಹೊರನಾಡಿನವರಿಗೆ ಎಂದು ವಾದಿಸುವವರಿಗೆಲ್ಲ ನಾನು ಈ ಹುಡುಗಿಯ ಮಾತು ಹೇಳುತ್ತೇನೆ. ಹೋಮ್‌ಸ್ಟ್ರಾಮ್ ಅನುವಾದಿಸಿದ ಬಾಮಾ ಅವರ ‘ಸಂಗತಿ’ 2005ರಲ್ಲಿ ಬಂದಾಗ, ಅದನ್ನು ಮೊದಲು ಓದಲು ಕೊಟ್ಟದ್ದು ಅವಳಿಗೇ.