ದಾರದಿಂದ ಅಳೆದ ಆಕಾಶಮಾರ್ಗ

ಎರಡು ಊರುಗಳ ನಡುವಣ ದೂರವನ್ನು ತಿಳಿಯಬೇಕಾದರೆ ನಾವು ಭೂಪಟವನ್ನು ಬಿಡಿಸಿ, ಅಳತೆಪಟ್ಟಿಯನ್ನಿಟ್ಟು, ಅಂಗುಲಕ್ಕೆ ಇಷ್ಟು ಮೈಲಿಯೆಂದು ಗುಣಿಸಿಬಿಡುತ್ತೇವೆ. ಊರುಗಳು ಸಮೀಪದಲ್ಲಿದ್ದರೆ ಈ ಲೆಕ್ಕದಿಂದ ಹಾನಿಯಿಲ್ಲ. ಆದರೆ ನಡುವೆ ಮಹಾಸಾಗರವಿದ್ದು, ಹೋಗುವವನು ಗಗನಮಾರ್ಗದಲ್ಲಿ ಹೋಗುವುದಾದರೆ, ತಪ್ಪು ಲೆಕ್ಕಕ್ಕೆ ಪ್ರಾಣವನ್ನೇ ತೆರಬೇಕಾದೀತು.

ನ್ಯೂಯಾರ್ಕಿಗೂ ಪ್ಯಾರಿಸ್ಸಿಗೂ ನಡುವೆ ಎಲ್ಲಿಯೂ ಇಳಿಯದೆ ಹಾರಿದವರಿಗೆ 25,000 ಡಾಲರುಗಳ ಬಹುಮಾನವನ್ನು ರೇಮಂಡ್ ಓರ್ಟೀಗ್ ಎಂಬಾತನು 1919ರಲ್ಲಿ ಸಾರಿದ್ದನು. 1927ರ ಮೇ 8ರಂದು ಪ್ಯಾರಿಸ್ಸಿನಿಂದ ಹೊರಟ ನುಂಗೆಸೆರ್ ಮತ್ತು ಕೋಲಿ ಎಂಬ ಫ್ರೆಂಚ್ ವೀರರು ಮರಳಿ ಬರಲಿಲ್ಲ.

ಅದೇ ವರ್ಷ ಸ್ಯಾನ್ ಡಿಯಾಗೊ ನಗರದಲ್ಲಿ ತನ್ನ ವಿಮಾನವು ಸಿದ್ಧವಾಗುತ್ತಿದ್ದಾಗ, 25 ವರ್ಷದ ಚಾರ್ಲ್ಸ್ ಲಿಂಡ್‌ಬರ್ಗನು ಅಲ್ಲಿಯ ಪುಸ್ತಕಭಂಡಾರಕ್ಕೆ ಹೋಗಿ, ಭೂಗೋಲದ ಮೇಲೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ದೂರವನ್ನು ಅಳೆದನು. ಅದು ಸುಮಾರು 3,600 ಮೈಲಿ.

ಭೂಪಟವಿರಲು ದಾರವೇಕೆ? 1569ರಲ್ಲಿ ಮರ್ಕೇಟರನು ರಚಿಸಿದ ಬಗೆಯ ಪಟದಲ್ಲಿ ಸರಳರೇಖೆಯನ್ನು ಹಿಡಿದು ಹೋಗುವ ನಾವಿಕನಿಗೆ ದಿಕ್ಕು ಬದಲಾಗದು. ಆದರೆ ಧ್ರುವಗಳ ಕಡೆಗೆ ನೆಲವು ಅದರಲ್ಲಿ ಹಿಗ್ಗಿ ಕಾಣುವುದು. ಆದುದರಿಂದ ಅಲ್ಲಿ ನೇರವಾಗಿ ಕಾಣುವ ದಾರಿಯು ನಿಜವಾಗಿ ಸುತ್ತುದಾರಿ. ಗೋಲದ ಮೇಲೆ ಬಿಗಿದ ದಾರವಾದರೋ ಮಹಾವೃತ್ತದ ಭಾಗವಾಗಿ ನಿಲ್ಲುವುದು. ಅದೇ ಅತಿ ಹತ್ತಿರದ ದಾರಿ. ಇದನ್ನು ಗಣಿತದಿಂದಲೂ ತಿಳಿಯಬಹುದು. ಈ ಎರಡು ನಗರಗಳಿಂದ ಭೂಮಿಯ ಕೇಂದ್ರಕ್ಕೆ ಎಳೆದ ರೇಖೆಗಳ ನಡುವಣ ಕೋನವನ್ನು ಅಕ್ಷಾಂಶ ರೇಖಾಂಶಗಳಿಂದ ಗಣಿಸಿದರೆ ಸುಮಾರು 52½ ಅಂಶಗಳಾಗುತ್ತವೆ. ಅಂಶವೊಂದಕ್ಕೆ ಸುಮಾರು 69 ಮೈಲಿಯಂತೆ ಗುಣಿಸಿದರೆ ದಾರವು ಹೇಳಿದುದೇ ಸರಿಯೆಂದು ಕಾಣುವೆವು.

ಆದರೆ ಈ ದಾರಿಯಲ್ಲಿ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುವುದು. ಆದಕಾರಣ ಲಿಂಡ್‌ಬರ್ಗನು ಅದನ್ನು ನೂರು ನೂರು ಮೈಲಿಗಳ ತುಂಡುಗಳಾಗಿ ವಿಭಾಗಿಸಿ, ಒಂದೊಂದಕ್ಕೂ ದಿಕ್ಸೂಚಿಯ ಗುರಿಯನ್ನು ಬರೆದುಕೊಂಡನು. ಅಂದಾಜಿಗೆ ಗಂಟೆಗೊಂದು ತುಂಡು.

ಮೇ 20ರ ಬೆಳಗ್ಗೆ ಸುಮಾರು 450 ಗ್ಯಾಲನ್ ಪೆಟ್ರೋಲನ್ನು ಹೊತ್ತು ಅವನೊಬ್ಬನೇ ಹೊರಟನು. ರಾತ್ರಿ, ಮಂಜುಗಟ್ಟುವ ಮೋಡ, ಎಲ್ಲಕ್ಕಿಂತ ಮಿಗಿಲಾಗಿ ನಿದ್ರೆ—ಇವು ಲೆಕ್ಕದಲ್ಲಿರಲಿಲ್ಲ. ಆದರೂ ಮರುದಿನ ಐರ್ಲೆಂಡಿನ ಡಿಂಗಲ್ ಕೊಲ್ಲಿಯ ಬಳಿ ನೆಲವು ಕಂಡಾಗ, ತಾನು ಗೆರೆಯೆಳೆದ ದಾರಿಯಿಂದ ಅವನು ಕೆಲವೇ ಮೈಲಿ ಸರಿದಿದ್ದನು. 33½ ಗಂಟೆಗಳ ಬಳಿಕ ಪ್ಯಾರಿಸ್ಸಿನಲ್ಲಿ ಇಳಿದಾಗ 85 ಗ್ಯಾಲನ್ ಪೆಟ್ರೋಲು ಉಳಿದಿತ್ತು.

ಆ ಉಳಿಕೆಯ ಕಡೆಗೆ ತಮ್ಮ ಗಮನವನ್ನು ಸೆಳೆಯುವೆವು. ಗಣಿತವು ಭೂಮಿಯ ದೂರವನ್ನು ಹೇಳಬಲ್ಲುದು. ಗಾಳಿಯ ಮನಸ್ಸನ್ನು ಹೇಳಲಾರದು. ತನ್ನ ಲೆಕ್ಕವನ್ನು ಪೂರ್ಣವಾಗಿ ನಂಬಿಯೂ, ಲೆಕ್ಕಕ್ಕೆ ಸಿಕ್ಕದುದಕ್ಕಾಗಿ ಒಂದಿಷ್ಟನ್ನು ಮೀಸಲಿಟ್ಟವನು ದಡ ಸೇರಿದನು.