ಸುಗಂಧದ ಗುಳಿಗೆ ಮತ್ತು ಒಂದು ಬೇರಿನ ಹೆಸರು

ಎದೆನೋವಿಗೆ ಮದ್ದು ಹುಡುಕಿದ ಚೀನೀಯರ ಇತಿಹಾಸ ಬಹು ದೀರ್ಘವಾದುದು. ಕ್ರಿ.ಶ. 200ರ ಆಸುಪಾಸಿನಲ್ಲಿದ್ದ ಝಾಂಗ್ ಝೋಂಗ್‌ಜಿಂಗ್ ಎಂಬ ವೈದ್ಯನು, ಎದೆಯಿಂದ ಬೆನ್ನಿಗೆ ಹಾಯುವ ನೋವನ್ನೂ ಏದುಸಿರನ್ನೂ ಮಲಗಲಾಗದ ಸಂಕಟವನ್ನೂ ವರ್ಣಿಸಿ, ಪಡವಲದ ಕುಲದ ಒಂದು ಕಾಯಿಯನ್ನೂ ಕಾಡು ಈರುಳ್ಳಿಯ ಗೆಡ್ಡೆಯನ್ನೂ ಮದ್ಯದಲ್ಲಿ ಕುದಿಸಿ ಕೊಡಬೇಕೆಂದು ವಿಧಿಸಿದ. ಇಂದಿನ ಹೃದ್ರೋಗ ತಜ್ಞರೂ ಆ ಲಕ್ಷಣಗಳನ್ನು ಒಡನೆಯೇ ಗುರುತಿಸಿಯಾರು. ಆದರೆ ನಾನು ಹೇಳಹೊರಟದ್ದು ಅವನ ಕಷಾಯದ ವಿಷಯವನ್ನಲ್ಲ, ಅವನಿಗಿಂತ ಬಹುಕಾಲ ಈಚಿನ ಒಂದು ಗುಳಿಗೆಯ ಕಥೆಯನ್ನು.

ಸೋಂಗ್ ಅರಸರ ಕಾಲದಲ್ಲಿ, 1076ರಲ್ಲಿ, ರಾಜಧಾನಿ ಕೈಫೆಂಗ್‌ನಲ್ಲಿ ಸರ್ಕಾರವೇ ಔಷಧದ ಅಂಗಡಿಯನ್ನು ತೆರೆಯಿತು. ಮಂತ್ರಿ ವಾಂಗ್ ಅನ್‌ಶಿಯ ಸುಧಾರಣೆಗಳಲ್ಲಿ ಅದೂ ಒಂದು. ಅಲ್ಲಿಯ ಯೋಗಗಳನ್ನು ಸಂಗ್ರಹಿಸಿದ ಗ್ರಂಥದಲ್ಲಿ 'ಸುಹೆಶಿಯಾಂಗ್ ವಾನ್' ಎಂಬ ಗುಳಿಗೆಯಿದೆ. ಹಠಾತ್ತನೆ ಬರುವ ಎದೆನೋವಿಗೂ ಎಚ್ಚರ ತಪ್ಪಿ ಬೀಳುವುದಕ್ಕೂ ಅದು ಮದ್ದು. ಅದರೊಳಗೆ ಏನೇನಿತ್ತು ನೋಡಿ: ಶ್ರೀಗಂಧ, ಅಗರು, ಲವಂಗ, ಹಿಪ್ಪಲಿ, ಅಳಲೆಕಾಯಿ, ಸಾಂಬ್ರಾಣಿ, ಕಸ್ತೂರಿ, ಕೊನ್ನಾರಿಗೆಡ್ಡೆ, ಪಚ್ಚಕರ್ಪೂರ! ನಮ್ಮ ಹಳೆಯ ಗಂಧಿಗೆ ಅಂಗಡಿಯೇ ಅಲ್ಲಿ ಕುಳಿತಂತಿದೆ. ಗುಳಿಗೆಗೆ ಹೆಸರು ಕೊಟ್ಟ ಸುಹೆಶಿಯಾಂಗ್ ಎಂಬ ಅಂಟು ಪಶ್ಚಿಮ ಏಷ್ಯದ ಮರದ್ದು. ಪಚ್ಚಕರ್ಪೂರ ಸುಮಾತ್ರ, ಬೋರ್ನಿಯೋ ದ್ವೀಪಗಳದ್ದು. 'ಚೀನೀ ಔಷಧ'ವೆಂದು ನಾವು ಕರೆಯುವುದರಲ್ಲಿ ಹಿಂದೂ ಮಹಾಸಾಗರದ ಹಡಗುಗಳ ಪಾಲು ಎಷ್ಟೆಂಬುದು ಈ ಒಂದು ಪಟ್ಟಿಯಿಂದಲೇ ತಿಳಿಯುತ್ತದೆ.

ಆ ಪಟ್ಟಿಯಲ್ಲಿ 'ಚಿಂಗ್ ಮುಶಿಯಾಂಗ್' ಎಂಬ ಬೇರೂ ಇತ್ತು. ಹಳೆಯ ಗ್ರಂಥಗಳಲ್ಲಿ ಈ ಹೆಸರು ಕಾಶ್ಮೀರದ ಕಡೆಯಿಂದ ಹೋಗುತ್ತಿದ್ದ ಕೋಷ್ಠದ ಬೇರಿಗೆ ಸಲ್ಲುತ್ತಿತ್ತೆಂದು ವಿದ್ವಾಂಸರು ಹೇಳುತ್ತಾರೆ. ಕಾಲಾಂತರದಲ್ಲಿ ಹೆಸರು ಮಾತ್ರ ಉಳಿದು ಬೇರು ಬದಲಾಯಿತು. ಚೀನದಲ್ಲೇ ಬೆಳೆಯುವ ಬೇರೊಂದು ಬಳ್ಳಿಯ ಬೇರಿಗೆ ಅದೇ ಹೆಸರು ಬಂದಿತು. 1970ರ ದಶಕದಲ್ಲಿ ಹಳೆಯ ಗುಳಿಗೆಯ ಹದಿನೈದು ದ್ರವ್ಯಗಳನ್ನು ಐದಕ್ಕಿಳಿಸಿ, ಹೃದಯಶೂಲೆಗೆಂದೇ 'ಗ್ವಾನ್‌ಶಿನ್ ಸುಹೆ' ಎಂಬ ಹೊಸ ಗುಳಿಗೆಯನ್ನು ರೂಪಿಸಿದರು. ಕಸ್ತೂರಿ ಹೋಯಿತು, ಖಡ್ಗಮೃಗದ ಕೊಂಬು ಹೋಯಿತು, ಗಂಧ ಉಳಿಯಿತು. ಚಿಂಗ್ ಮುಶಿಯಾಂಗ್ ಕೂಡ ಉಳಿಯಿತು, ಆದರೆ ಈಗ ಅದು ಆ ಹೊಸ ಬಳ್ಳಿಯ ಬೇರು. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಮೂತ್ರಪಿಂಡಗಳನ್ನು ಕೆಡಿಸುತ್ತದೆ, ಕ್ಯಾನ್ಸರನ್ನೂ ತರುತ್ತದೆ.

ಇದು ಜಗತ್ತಿಗೆ ತಿಳಿದದ್ದು ಬೆಲ್ಜಿಯಂನಿಂದ. ಬ್ರಸೆಲ್ಸ್‌ನಲ್ಲಿ ಮೈ ಇಳಿಸಲು ಚೀನೀ ಮೂಲಿಕೆ ಸೇವಿಸಿದ ಹೆಂಗಸರ ಮೂತ್ರಪಿಂಡಗಳು ಕೆಟ್ಟುದನ್ನು 1993ರಲ್ಲಿ ವೈದ್ಯರು ವರದಿ ಮಾಡಿದರು. ಅಲ್ಲಿಯೂ ನಡೆದದ್ದು ಹೆಸರಿನ ಗೊಂದಲವೇ: 'ಫಾಂಗ್‌ಜಿ' ಎಂಬ ಬೇರಿಗೆ ಬದಲಾಗಿ 'ಗ್ವಾಂಗ್ ಫಾಂಗ್‌ಜಿ' ಬಂದಿತ್ತು. ಚೀನ ಸರ್ಕಾರವು 2004ರಲ್ಲಿ ಚಿಂಗ್ ಮುಶಿಯಾಂಗನ್ನು ಔಷಧಗಳಿಂದ ತೆಗೆಸಿ, ಅದರ ಸ್ಥಾನದಲ್ಲಿ ಬೇರೆ ಬೇರನ್ನು ಬಳಸುವಂತೆ ಆಜ್ಞೆ ಮಾಡಿತು. ವಿಷ ಮೆಲ್ಲಗೆ, ವರ್ಷಗಟ್ಟಲೆ ಕೆಲಸ ಮಾಡುವಾಗ, ನಾಡಿ ಹಿಡಿದು ನೋಡುವ ಎಷ್ಟು ನಿಪುಣನಾದ ವೈದ್ಯನಿಗೂ ಗುಳಿಗೆಗೂ ಕಾಯಿಲೆಗೂ ಇರುವ ನಂಟು ಕಾಣುವುದು ದುಸ್ತರ. ಪ್ರಾಚೀನತೆಯೇ ಪ್ರಮಾಣವೆಂಬ ವಾದವನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ. ನಮ್ಮ ಹಳ್ಳಿಗಳಲ್ಲಿ ಹಾವಿನ ವಿಷಕ್ಕೆ ಅರೆದು ಕೊಡುತ್ತಿದ್ದ ಈಶ್ವರಿ ಬೇರೂ ಇದೇ ಬಳ್ಳಿಯ ಕುಲದ್ದು ಎಂಬುದನ್ನು ಊರಿನಲ್ಲಿರುವ ಬಂಧುಗಳು ಗಮನಿಸಬೇಕು.

ಹಾಗೆಂದು ಎಲ್ಲವನ್ನೂ ತಳ್ಳಿಹಾಕುವುದೂ ಸರಿಯಲ್ಲ. 'ಟೋಂಗ್‌ಶಿನ್‌ಲುವೊ' ಎಂಬ ಇನ್ನೊಂದು ಔಷಧದಲ್ಲಿ ಮೂಲಿಕೆಗಳ ಜೊತೆಗೆ ಜಿಗಣೆ, ಚೇಳು, ಶತಪದಿಗಳೂ ಇವೆ (ಊಟದ ಹೊತ್ತಿನಲ್ಲಿ ಓದುತ್ತಿರುವವರು ಮನ್ನಿಸಬೇಕು). ಚೀನದ 124 ಆಸ್ಪತ್ರೆಗಳಲ್ಲಿ ತೀವ್ರ ಹೃದಯಾಘಾತವಾದ 3,777 ರೋಗಿಗಳಿಗೆ, ಆಧುನಿಕ ಚಿಕಿತ್ಸೆಯ ಜೊತೆಗೇ, ಅರ್ಧದಷ್ಟು ಜನಕ್ಕೆ ಇದನ್ನೂ ಉಳಿದವರಿಗೆ ಹುಸಿಗುಳಿಗೆಯನ್ನೂ ಕೊಟ್ಟು ಪರೀಕ್ಷಿಸಿದರು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು: ಮೂವತ್ತು ದಿನಗಳಲ್ಲಿ ಸಾವು, ಮರು ಆಘಾತ ಮುಂತಾದ ಅನಾಹುತಗಳು ಹುಸಿಗುಳಿಗೆಯವರಲ್ಲಿ ಶೇ. 5.2, ಔಷಧ ಪಡೆದವರಲ್ಲಿ ಶೇ. 3.4. ಗಮನಿಸಬೇಕಾದುದು, ಆಸ್ಪತ್ರೆಯ ಚಿಕಿತ್ಸೆಗೆ ಬದಲಾಗಿ ಇದನ್ನು ಯಾರಿಗೂ ಕೊಡಲಿಲ್ಲ.

ಸಿಂಗಪುರ, ಅಮೆರಿಕಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಚೀನೀ ಅಂಗಡಿಗಳಲ್ಲಿ ಹೃದಯಕ್ಕೆ ಒಳ್ಳೆಯದೆಂದು ಮಾರುವ 'ಡಾನ್‌ಶೆನ್' ಎಂಬ ಕೆಂಪು ಬೇರು, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯ ಪ್ರಭಾವವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿ ಮಾಡಬಲ್ಲುದು. ಕೃತಕ ಕವಾಟ ಹಾಕಿಸಿಕೊಂಡ ಹಿರಿಯರು ಮನೆಯಲ್ಲಿದ್ದರೆ ಅವರ ವೈದ್ಯರಿಗೆ ತಿಳಿಸದೆ ಅದನ್ನು ತರಬೇಡಿ.