ವಿಂಟೇಜ್ ಕಾರುಗಳ ಜೀರ್ಣೋದ್ಧಾರ

ವಿಂಟೇಜ್ ಕಾರುಗಳ ಜೀರ್ಣೋದ್ಧಾರವು ಬಳಕೆಯಿಂದ ಹೊರಗುಳಿದು ಶಿಥಿಲಗೊಂಡ ಹಳೆಯ ಮೋಟಾರು ಕಾರುಗಳನ್ನು ಬಿಚ್ಚಿ, ದುರಸ್ತಿಗೊಳಿಸಿ, ಅವು ತಯಾರಾದ ಕಾಲದ ರೂಪಕ್ಕೂ ಓಡುವ ಸ್ಥಿತಿಗೂ ಮರಳಿ ತರುವ ಹವ್ಯಾಸವಾಗಿದೆ. ವೃತ್ತಿಪರ ಕಾರ್ಯಾಗಾರಗಳೂ ಈ ಕೆಲಸವನ್ನು ಕೈಗೊಳ್ಳುತ್ತವೆಯಾದರೂ ಮನೆಯ ಹಿಂಬದಿಯ ಶೆಡ್ಡುಗಳಲ್ಲಿ, ರಜಾದಿನಗಳಲ್ಲಿ, ವರ್ಷಗಟ್ಟಲೆ ಇದನ್ನು ಮುಂದುವರಿಸುವ ಹವ್ಯಾಸಿಗಳು ಅನೇಕರಿದ್ದಾರೆ. ಸಾಮಾನ್ಯ ದುರಸ್ತಿಯಲ್ಲಿ ವಾಹನವು ಮತ್ತೆ ಓಡಿದರೆ ಸಾಕು. ಜೀರ್ಣೋದ್ಧಾರದಲ್ಲಿ ಅದು ಓಡುವುದರ ಜೊತೆಗೆ ಹಿಂದಿದ್ದ ಅದೇ ವಾಹನವಾಗಿಯೂ ಉಳಿಯಬೇಕು. ಎಷ್ಟನ್ನು ಬದಲಿಸಬಹುದು, ಎಷ್ಟನ್ನು ಮುಟ್ಟದೆ ಬಿಡಬೇಕು ಎಂಬುದು ಈ ಕ್ಷೇತ್ರದ ಅತ್ಯಂತ ಹಳೆಯ ಹಾಗೂ ಇನ್ನೂ ಬಗೆಹರಿಯದ ವಿವಾದವಾಗಿದೆ. ಈ ಲೇಖನದ ತಾಂತ್ರಿಕ ಉದಾಹರಣೆಗಳನ್ನು ಮುಖ್ಯವಾಗಿ ಫೋರ್ಡ್ ಮಾಡೆಲ್ ಟಿ ಕಾರಿನಿಂದ ಆರಿಸಿಕೊಳ್ಳಲಾಗಿದೆ. 1908ರಿಂದ 1927ರವರೆಗೆ ಸುಮಾರು 1.5 ಕೋಟಿ ಸಂಖ್ಯೆಯಲ್ಲಿ ತಯಾರಾದ ಈ ಕಾರು ಹವ್ಯಾಸಿಗಳ ಕೈಗೆ ಇಂದಿಗೂ ಹೆಚ್ಚಾಗಿ ಸಿಗುವ ಹಳೆಯ ಕಾರುಗಳಲ್ಲೊಂದು.

ಕಾಲವಿಭಾಗ

ಆಡುಮಾತಿನಲ್ಲಿ ಯಾವುದೇ ಹಳೆಯ ಕಾರನ್ನು ವಿಂಟೇಜ್ ಎನ್ನುವುದುಂಟು. ಬ್ರಿಟನ್ನಿನಲ್ಲಿ 1934ರಲ್ಲಿ ಸ್ಥಾಪನೆಯಾದ ವಿಂಟೇಜ್ ಸ್ಪೋರ್ಟ್ಸ್-ಕಾರ್ ಕ್ಲಬ್ ಈ ಪದವನ್ನು 1919ರ ಆರಂಭದಿಂದ 1930ರ ಅಂತ್ಯದವರೆಗೆ ತಯಾರಾದ ಕಾರುಗಳಿಗೆ ಸೀಮಿತಗೊಳಿಸಿತು. ಅದಕ್ಕೂ ಹಿಂದಿನವು ವೆಟರನ್ ಮತ್ತು ಎಡ್ವರ್ಡಿಯನ್ ವರ್ಗಗಳಿಗೆ ಸೇರುತ್ತವೆ. ಭಾರತದ ಕಾನೂನಿನ ಅಳತೆಗೋಲು ಬೇರೆ. ಇಲ್ಲಿ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ವಾಹನವೇ ವಿಂಟೇಜ್. ಹೀಗಾಗಿ 1970ರಲ್ಲಿ ನೋಂದಣಿಯಾದ ಅಂಬಾಸಿಡರ್ ಕಾರು ಭಾರತದಲ್ಲಿ ವಿಂಟೇಜ್ ಎನಿಸಿಕೊಳ್ಳಬಹುದು, ಬ್ರಿಟಿಷ್ ಕ್ಲಬ್ಬಿನ ಲೆಕ್ಕದಲ್ಲಿ ಅದು ಆ ವರ್ಗದ ಹತ್ತಿರಕ್ಕೂ ಬರುವುದಿಲ್ಲ.

ಹಿನ್ನೆಲೆ

ಹಳೆಯ ಕಾರುಗಳನ್ನು ಉಳಿಸಿಕೊಳ್ಳಬೇಕೆಂಬ ಆಸಕ್ತಿ ಮೊದಲು ಕಾಣಿಸಿಕೊಂಡದ್ದು ಬ್ರಿಟನ್ನಿನಲ್ಲಿ. ಮೋಟಾರು ವಾಹನಗಳ ವೇಗಮಿತಿಯನ್ನು ಸಡಿಲಿಸಿದ ಕಾನೂನನ್ನು ಸ್ವಾಗತಿಸಲು 1896ರಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ನಡೆದ ಕಾರುಗಳ ಓಟವನ್ನು 1927ರಲ್ಲಿ ಹಳೆಯ ಕಾರುಗಳೊಂದಿಗೆ ಮತ್ತೆ ನಡೆಸಲಾಯಿತು. ಆ ಓಟ ಇಂದಿಗೂ ಮುಂದುವರಿದಿದ್ದು, 1905ಕ್ಕಿಂತ ಹಿಂದಿನ ಕಾರುಗಳಿಗೆ ಮೀಸಲಾಗಿದೆ. 1930ರಲ್ಲಿ ವೆಟರನ್ ಕಾರ್ ಕ್ಲಬ್, ಅಮೆರಿಕದಲ್ಲಿ 1935ರಲ್ಲಿ ಆಂಟಿಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕ ಹುಟ್ಟಿಕೊಂಡವು. ಎರಡನೆಯ ಮಹಾಯುದ್ಧದ ಕಾಲದ ಲೋಹಸಂಗ್ರಹಣೆಯಲ್ಲಿ ಅಸಂಖ್ಯ ಹಳೆಯ ಕಾರುಗಳು ಗುಜರಿಗೆ ಹೋದವು. 1953ರ ಬ್ರಿಟಿಷ್ ಹಾಸ್ಯಚಿತ್ರ ‘ಜೆನೆವೀವ್’ ಬ್ರೈಟನ್ ಓಟವನ್ನೇ ಕಥಾವಸ್ತುವಾಗಿಸಿಕೊಂಡು ಈ ಹವ್ಯಾಸವನ್ನು ಜನಸಾಮಾನ್ಯರಿಗೆ ಪರಿಚಯಿಸಿತು.

ಸಂರಕ್ಷಣೆ ಮತ್ತು ಜೀರ್ಣೋದ್ಧಾರ

ಬಹುಕಾಲ ಜೀರ್ಣೋದ್ಧಾರವೆಂದರೆ ಕಾರನ್ನು ಹೊಸದರಂತೆ, ಅನೇಕ ವೇಳೆ ಹೊಸದಕ್ಕಿಂತಲೂ ಮಿಗಿಲಾಗಿ, ಹೊಳೆಯುವಂತೆ ಮಾಡುವುದು ಎಂದೇ ತಿಳಿಯಲಾಗಿತ್ತು. ಮಾಡೆಲ್ ಟಿ ಕಾರನ್ನು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ತಯಾರಿಸಲಾಗುತ್ತಿತ್ತು. ಆದರೂ ಆ ಅವಧಿಯ ಕಾರುಗಳು ಕಡುಗೆಂಪು ಬಣ್ಣ ಬಳಿದುಕೊಂಡು ಪ್ರದರ್ಶನಗಳಲ್ಲಿ ನಿಲ್ಲುವುದುಂಟು. ಇಂತಹ ಕಾರು ನೋಡಲು ಸೊಗಸಾಗಿರಬಹುದು, ಆದರೆ ತನ್ನ ಕಾಲದ ಬಗ್ಗೆ ಅದು ಹೇಳುವುದು ಸುಳ್ಳು. ಮೂಲ ಬಣ್ಣದ ಪದರ, ಕಾರ್ಖಾನೆಯ ಕೆಲಸಗಾರನ ಕುಂಚದ ಗುರುತು, ಹಳೆಯ ಮಾಲೀಕನೊಬ್ಬ ಹಾಕಿಸಿದ ಬೆಸುಗೆ ಮುಂತಾದವು ಒಮ್ಮೆ ಅಳಿಸಿಹೋದರೆ ಮತ್ತೆ ದೊರೆಯುವುದಿಲ್ಲ. ದೇವಾಲಯಗಳ ಜೀರ್ಣೋದ್ಧಾರದಲ್ಲಿ ಹಳೆಯ ಕಲ್ಲಿನ ಮೇಲೆ ಸುಣ್ಣಬಣ್ಣ ಬಳಿದು, ನೆಲಕ್ಕೆ ಟೈಲ್ಸ್ ಹಾಸುವುದರ ಬಗ್ಗೆ ಕೇಳಿಬರುವ ಆಕ್ಷೇಪವೂ ಇದೇ ಬಗೆಯದು.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ (ಸ್ಥಾಪನೆ 1966) ಈ ಕುರಿತು ಟುರಿನ್ ಸನ್ನದು ಎಂಬ ಮಾರ್ಗದರ್ಶಿ ದಾಖಲೆಯನ್ನು 2012ರಲ್ಲಿ ಅಂಗೀಕರಿಸಿತು. ಕಟ್ಟಡಗಳ ಸಂರಕ್ಷಣೆಗಾಗಿ ರೂಪುಗೊಂಡ 1964ರ ವೆನಿಸ್ ಸನ್ನದು ಇದಕ್ಕೆ ಪ್ರೇರಣೆ. ಇರುವುದನ್ನು ಕೆಡದಂತೆ ಕಾಪಾಡುವುದು, ಕೆಡುತ್ತಿರುವುದನ್ನು ತಡೆದು ಸ್ಥಿರಗೊಳಿಸುವುದು ಹಾಗೂ ಕಳೆದುಹೋದುದನ್ನು ತುಂಬಿ ಹಿಂದಿನ ಸ್ಥಿತಿಯನ್ನು ತೋರಿಸುವುದು ಇವುಗಳ ನಡುವೆ ಅದು ವ್ಯತ್ಯಾಸ ಕಲ್ಪಿಸುತ್ತದೆ. ಮೂರನೆಯದನ್ನು ಮೊದಲೆರಡು ಸಾಲದಾದಾಗ ಮಾತ್ರ ಕೈಗೊಳ್ಳಬೇಕೆಂಬುದು ಅದರ ಆಶಯ. ಹೊಸದಾಗಿ ಸೇರಿಸಿದ ಭಾಗಗಳು ಹಳೆಯದರೊಡನೆ ಹೊಂದಿಕೊಳ್ಳಬೇಕು, ಆದರೆ ಹತ್ತಿರದಿಂದ ಪರೀಕ್ಷಿಸಿದಾಗ ಬೇರೆಯೆಂದು ತಿಳಿಯಬೇಕು.

ಈ ಚಿಂತನೆಯ ತುತ್ತತುದಿಯ ಉದಾಹರಣೆಯೆಂದರೆ ಮಜ್ಜೋರೆ ಸರೋವರದ ಬುಗಾಟಿ. 1925ರ ಬ್ರೆಷಿಯಾ ಮಾದರಿಯ ಈ ಕಾರು ಸ್ವಿಟ್ಜರ್ಲೆಂಡಿನ ಅಸ್ಕೋನಾ ಬಳಿ ಏಳು ದಶಕಗಳಿಗೂ ಹೆಚ್ಚು ಕಾಲ ನೀರಿನಡಿಯಲ್ಲಿತ್ತು. 2009ರಲ್ಲಿ ಸ್ಥಳೀಯ ಮುಳುಗುಗಾರರು ಅದನ್ನು ಮೇಲೆತ್ತಿದರು. ಒಂದು ಪಾರ್ಶ್ವ ಬಹುತೇಕ ಕರಗಿಹೋಗಿದ್ದ ಆ ಕಾರು 2010ರ ಜನವರಿಯಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ 2,60,500 ಯೂರೊಗಳಿಗೆ ಮಾರಾಟವಾಯಿತು. ಕೊಂಡ ಕ್ಯಾಲಿಫೋರ್ನಿಯದ ಮುಲ್ಲಿನ್ ವಸ್ತುಸಂಗ್ರಹಾಲಯವು ಅದನ್ನು ಜೀರ್ಣೋದ್ಧಾರ ಮಾಡದೆ, ತುಕ್ಕು ಹಿಡಿದ ಸ್ಥಿತಿಯಲ್ಲಿಯೇ ಪ್ರದರ್ಶಿಸಿತು. ಹೊಳಪಿಗೆ ಹೆಸರಾದ ಪೆಬಲ್ ಬೀಚ್ ಸ್ಪರ್ಧೆಯಲ್ಲೂ 2024ರಲ್ಲಿ ಸಂರಕ್ಷಿತ ವರ್ಗದ ಕಾರೊಂದು, 1934ರ ಬುಗಾಟಿ ಟೈಪ್ 59, ಮೊದಲ ಬಾರಿಗೆ ಅತ್ಯುನ್ನತ ಬಹುಮಾನ ಪಡೆಯಿತು.

ಇದಕ್ಕೆ ಎದುರಾದ ಪ್ರಶ್ನೆಯೂ ಇದೆ: ಭಾಗಗಳೆಲ್ಲ ಬದಲಾದ ಮೇಲೆ ಕಾರು ಅದೇ ಆಗಿ ಉಳಿಯುವುದೇ? ಪಾಲಿ ಗ್ರಂಥ ‘ಮಿಲಿಂದಪ್ರಶ್ನೆ’ಯಲ್ಲಿ ಭಿಕ್ಷು ನಾಗಸೇನನು ಅಚ್ಚು, ಗಾಲಿ, ನೊಗಗಳಲ್ಲಿ ರಥ ಯಾವುದು ಎಂದು ದೊರೆಯನ್ನು ಕೇಳುತ್ತಾನೆ. ಹೆಚ್ಚುಕಡಿಮೆ ಅದೇ ಪ್ರಶ್ನೆ 1990ರಲ್ಲಿ ಲಂಡನ್ನಿನ ಹೈಕೋರ್ಟಿನ ಮುಂದೆ ಬಂದಿತು. 1929 ಮತ್ತು 1930ರ ಲೆ ಮಾನ್ಸ್ ಓಟಗಳನ್ನು ಗೆದ್ದಿದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರನ್ನು ಒಂದು ಕೋಟಿ ಪೌಂಡುಗಳಿಗೆ ಕೊಳ್ಳಲು ಒಪ್ಪಿದ್ದವರು, ಅದು ಮೂಲ ಕಾರೇ ಅಲ್ಲವೆಂದು ಹಿಂದೆ ಸರಿದಿದ್ದರು. 1932ರ ಅಪಘಾತವೂ ಸೇರಿದಂತೆ ಹಲವು ಮಾರ್ಪಾಡುಗಳನ್ನು ಕಂಡಿದ್ದ ಆ ಕಾರಿನಲ್ಲಿ 1929ರ ಭಾಗಗಳು ಬೆರಳೆಣಿಕೆಯಷ್ಟೇ ಉಳಿದಿದ್ದವು. ಆದರೆ ಕಾರಿನ ಅಸ್ತಿತ್ವವು ಎಲ್ಲಿಯೂ ಕಡಿದುಹೋಗದೆ ಮುಂದುವರಿದಿದೆ, ಬೇರಾವ ಕಾರೂ ಆ ಹೆಸರಿಗೆ ಹಕ್ಕುದಾರನಲ್ಲ ಎಂಬ ಕಾರಣದಿಂದ ನ್ಯಾಯಾಧೀಶ ಆಟನ್ ಅವರು ಮಾರಾಟಗಾರನ ಪರವಾಗಿ ತೀರ್ಪಿತ್ತರು. ಕಾರಿನ ದಾಖಲೆಪತ್ರಗಳಿಗೆ ಹವ್ಯಾಸಿಗಳು ಕೊಡುವ ಮಹತ್ವವನ್ನು ಈ ತೀರ್ಪು ಎತ್ತಿಹಿಡಿಯಿತು.

ಕೆಲಸದ ವಿಧಾನ

ಬಿಚ್ಚುವ ಮುನ್ನ ದಾಖಲಿಸುವುದು ಮೊದಲ ಹಂತ. ಪ್ರತಿ ಭಾಗದ ಛಾಯಾಚಿತ್ರ ತೆಗೆದು, ನಟ್ಟು ಬೋಲ್ಟುಗಳನ್ನು ಚೀಟಿ ಅಂಟಿಸಿದ ಡಬ್ಬಿಗಳಲ್ಲಿ ಬೇರೆ ಬೇರೆಯಾಗಿ ಇಡಲಾಗುತ್ತದೆ. ಉತ್ಸಾಹದಲ್ಲಿ ಒಂದೆರಡು ದಿನಗಳಲ್ಲಿ ಪೂರ್ಣವಾಗಿ ಬಿಚ್ಚಲ್ಪಟ್ಟು, ಮತ್ತೆಂದೂ ಜೋಡಣೆಯಾಗದೆ ಪೆಟ್ಟಿಗೆಗಳಲ್ಲಿಯೇ ಮಾರಾಟವಾಗುವ ಕಾರುಗಳೂ ಇವೆ.

ದೀರ್ಘಕಾಲ ನಿಂತಿದ್ದ ಎಂಜಿನ್ನಿನಲ್ಲಿ ಪಿಸ್ಟನ್‌ಗಳು ಸಿಲಿಂಡರಿಗೆ ಕಚ್ಚಿಕೊಂಡಿರುತ್ತವೆ. ಬಲಪ್ರಯೋಗದಿಂದ ಬ್ಲಾಕ್ ಸೀಳಬಹುದಾದ್ದರಿಂದ ಸ್ಪಾರ್ಕ್ ಪ್ಲಗ್ಗಿನ ರಂಧ್ರಗಳ ಮೂಲಕ ತೆಳುವಾದ ಎಣ್ಣೆ ಸುರಿದು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯಲಾಗುತ್ತದೆ. ಮಾಡೆಲ್ ಟಿ ಎಂಜಿನ್ 2.9 ಲೀಟರ್ ಸಾಮರ್ಥ್ಯದ, ನಾಲ್ಕು ಸಿಲಿಂಡರುಗಳ, 20 ಅಶ್ವಶಕ್ತಿಯ ಯಂತ್ರ. ಇದರ ಕ್ರ್ಯಾಂಕ್‌ಶಾಫ್ಟ್ ಮತ್ತು ಕನೆಕ್ಟಿಂಗ್ ರಾಡ್‌ಗಳ ಬೇರಿಂಗುಗಳು ಇಂದಿನಂತೆ ಅಂಗಡಿಯಲ್ಲಿ ಸಿಗುವ ಚಿಪ್ಪುಗಳಲ್ಲ. ಭಾರತದ ಲೇತ್ ಅಂಗಡಿಗಳಲ್ಲಿ ವೈಟ್ ಮೆಟಲ್ ಎಂದು ಕರೆಯಲಾಗುವ, ತವರ ಆಧಾರಿತ ಬ್ಯಾಬಿಟ್ ಮಿಶ್ರಲೋಹವನ್ನು ಕರಗಿಸಿ, ಅಚ್ಚಿನಲ್ಲಿ ನೇರವಾಗಿ ಎರಕ ಹೊಯ್ದು, ತಣಿದ ಮೇಲೆ ಅಳತೆಗೆ ಸರಿಯಾಗಿ ಕೊರೆದು ಅವನ್ನು ಮಾಡಬೇಕು. ಲೋಹ ಹೆಚ್ಚು ಕಾದರೂ ಕಡಿಮೆ ಕಾದರೂ ಎರಕ ಸರಿಯಾಗಿ ಹಿಡಿಯುವುದಿಲ್ಲ. ಈ ಕುಶಲತೆ ಬಲ್ಲವರು ವಿರಳವಾಗುತ್ತಿರುವುದು ಹವ್ಯಾಸದ ಬಹುದೊಡ್ಡ ಆತಂಕಗಳಲ್ಲೊಂದು.

ಮಾಡೆಲ್ ಟಿಯ ವಿದ್ಯುತ್ ವ್ಯವಸ್ಥೆಯು ಒಳಗಿನ ಹೊಸತನವನ್ನು ಹೊರಗಿನ ಹಳೆಯ ರೂಪದೊಡನೆ ಹೊಂದಿಸುವುದಕ್ಕೆ ಒಳ್ಳೆಯ ನಿದರ್ಶನ. ಫ್ಲೈವ್ಹೀಲಿಗೆ ಜೋಡಿಸಿದ 16 ಅಯಸ್ಕಾಂತಗಳ ಮ್ಯಾಗ್ನೆಟೊ, ಮರದ ಪೆಟ್ಟಿಗೆಗಳಲ್ಲಿರುವ ನಾಲ್ಕು ಕಾಯಿಲ್‌ಗಳಿಗೆ ವಿದ್ಯುತ್ತನ್ನು ಒದಗಿಸುತ್ತದೆ. ನೂರು ವರ್ಷಗಳಲ್ಲಿ ಕಾಯಿಲ್ ಪೆಟ್ಟಿಗೆಯೊಳಗಿನ ಕೆಪಾಸಿಟರ್ ನಿರುಪಯುಕ್ತವಾಗಿರುತ್ತದೆ. ಅದನ್ನು ಹುದುಗಿಸಿಟ್ಟ ಡಾಂಬರನ್ನು ಕೆತ್ತಿ ತೆಗೆದು, ಆಧುನಿಕ ಕೆಪಾಸಿಟರ್ ಇಟ್ಟು, ಅದೇ ಪೆಟ್ಟಿಗೆಯನ್ನು ಮುಚ್ಚಲಾಗುತ್ತದೆ. ಕಾರ್ಬ್ಯುರೇಟರಿನ ಸಮಸ್ಯೆ ಇನ್ನೊಂದು ಬಗೆಯದು. ಅದರ ತೇಲುಬೆಂಡು ಅರಗಿನ ಲೇಪವಿದ್ದ ಕಾರ್ಕಿನದು. ಈಗಿನ ಪೆಟ್ರೋಲಿನಲ್ಲಿ ಬೆರೆಸಿರುವ ಎಥನಾಲ್ ಆ ಲೇಪವನ್ನು ಕರಗಿಸುವುದರಿಂದ ಬೆಂಡು ಪೆಟ್ರೋಲ್ ಹೀರಿ ಮುಳುಗುತ್ತದೆ. ಆದ್ದರಿಂದ ಹಿತ್ತಾಳೆಯ ಅಥವಾ ಕೃತಕ ವಸ್ತುವಿನ ಬೆಂಡನ್ನು ಹಾಕುವುದು ವಾಡಿಕೆ.

ಮೂಲರೂಪದ ಮೇಲಿನ ನಿಷ್ಠೆ ಸುರಕ್ಷತೆಗೆ ಅಡ್ಡಬರುವ ಸಂದರ್ಭವೂ ಇದೆ. ಮಾಡೆಲ್ ಟಿಯ ಕಾಲ್ಬ್ರೇಕು ಚಕ್ರಗಳನ್ನು ನೇರವಾಗಿ ಹಿಡಿಯದೆ ಗೇರುಪೆಟ್ಟಿಗೆಯೊಳಗಿನ ಡ್ರಮ್ಮನ್ನು ಹಿಡಿಯುತ್ತದೆ. ಹಿಂದಿನ ಆಕ್ಸಲ್ಲಿನೊಳಗೆ ಕಾರ್ಖಾನೆಯೇ ಹಾಕಿದ್ದ ಬ್ಯಾಬಿಟ್ ವಾಷರುಗಳು ಕಾಲಕ್ರಮೇಣ ಪುಡಿಯಾಗುತ್ತವೆ. ಅವು ಪುಡಿಯಾದಾಗ ಗೇರುಗಳ ಹಿಡಿತ ತಪ್ಪಿ, ಇಳಿಜಾರಿನಲ್ಲಿ ಕಾಲ್ಬ್ರೇಕು ಪೂರ್ಣವಾಗಿ ನಿಷ್ಫಲವಾಗಬಹುದು. ಅವುಗಳ ಬದಲು ಕಂಚಿನ ವಾಷರುಗಳನ್ನು ಹಾಕದೆ ಕಾರನ್ನು ರಸ್ತೆಗಿಳಿಸಬಾರದು. ಸಡಿಲಗೊಂಡ ಮರದ ಅರಗಳುಳ್ಳ ಚಕ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹೊರನೋಟಕ್ಕೆ ಅವು ಎಷ್ಟೇ ಚೆನ್ನಾಗಿ ಕಂಡರೂ ತಿರುವಿನಲ್ಲಿ ಕುಸಿಯಬಲ್ಲವು.

ದೇಹದ ಭಾಗದಲ್ಲಿ ತಗಡಿನ ಒಳಗೆ ಮರದ ಚೌಕಟ್ಟು ಇರುತ್ತದೆ. ಕೊಳೆತ ಮರವನ್ನು ಮಾದರಿಯಾಗಿ ಇಟ್ಟುಕೊಂಡು ಹೊಸದನ್ನು ಕೆತ್ತಬೇಕಾದ್ದರಿಂದ, ಎಷ್ಟೇ ಹಾಳಾಗಿದ್ದರೂ ಹಳೆಯ ತುಂಡುಗಳನ್ನು ಎಸೆಯುವಂತಿಲ್ಲ. ತೆಳುತಗಡಿನ ಮೇಲೆ ರಭಸದ ಮರಳುಧಾರೆ ಹಾಯಿಸಿದರೆ ಅದು ಸೊಟ್ಟಗಾಗುತ್ತದೆ. ಸಣ್ಣ ಭಾಗಗಳ ತುಕ್ಕನ್ನು ವಾಷಿಂಗ್ ಸೋಡಾ ದ್ರಾವಣದಲ್ಲಿ ಮುಳುಗಿಸಿ, ಬ್ಯಾಟರಿ ಚಾರ್ಜರಿನಿಂದ ವಿದ್ಯುತ್ ಹರಿಸಿ ಬಿಡಿಸಬಹುದು. ಟಿಂಕರಿಂಗ್ ಮಾಡುವವರು ಹೊಂಡಗಳನ್ನು ಸುತ್ತಿಗೆ ಮತ್ತು ಅಡಿಗಲ್ಲಿನಿಂದ ಸರಿಪಡಿಸುತ್ತಾರೆ. ಪುಟ್ಟಿ ಮೆತ್ತಿ ಮುಚ್ಚಿದ ತುಕ್ಕು ಕೆಲವು ಮಳೆಗಾಲಗಳಲ್ಲೇ ಮತ್ತೆ ತಲೆಯೆತ್ತುತ್ತದೆ. ಬಣ್ಣ ಮತ್ತು ಕುಷನ್ ಕೆಲಸ ಕೊನೆಯ ಹಂತಗಳು.

ಅಪಾಯಗಳು

ಹಳೆಯ ಗ್ಯಾಸ್ಕೆಟ್ ಮತ್ತು ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು, ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವವಿದ್ದು, ಇವನ್ನು ಒಣಗಿರುವಾಗ ಉಜ್ಜುವುದು ಹಾನಿಕರ. ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುವ ಕಾರುಗಳಲ್ಲಿ, ಕಿಡಿಯ ಸಮಯವನ್ನು ಹಿಂದೂಡುವ ಸನ್ನೆಯನ್ನು ಸರಿಯಾದ ಸ್ಥಾನದಲ್ಲಿ ಇಡದಿದ್ದರೆ ಎಂಜಿನ್ ಹಿಂದಕ್ಕೆ ಒದ್ದು ಮಣಿಕಟ್ಟು ಮುರಿಯಬಹುದು. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇರಿಸಿ, ಹ್ಯಾಂಡಲನ್ನು ಕೆಳಕ್ಕೆ ಒತ್ತದೆ ಮೇಲಕ್ಕೆ ಎಳೆಯುವುದು ರೂಢಿಯ ಎಚ್ಚರಿಕೆ.

ಭಾರತದಲ್ಲಿ

ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಭಾರತಕ್ಕೆ ಫೋರ್ಡ್ ಕಾರುಗಳನ್ನು ಪೂರೈಸುವ ಹಕ್ಕು ಕೆನಡಾದ ಫೋರ್ಡ್ ಕಂಪನಿಯದಾಗಿತ್ತು. ಆದ್ದರಿಂದ ಇಲ್ಲಿನ ಮಾಡೆಲ್ ಟಿ ಕಾರುಗಳಿಗೆ ಬಿಡಿಭಾಗಗಳನ್ನು ತರಿಸುವಾಗ ಕೆನಡಾದ ಬಲಬದಿ ಚಾಲನೆಯ ಮಾದರಿಗಳ ವ್ಯತ್ಯಾಸಗಳನ್ನು ಗಮನಿಸಬೇಕಾಗುತ್ತದೆ. ಸ್ವಾತಂತ್ರ್ಯಾನಂತರ ಆಮದು ನಿರ್ಬಂಧಗಳಿಂದ ಬಿಡಿಭಾಗಗಳು ದುರ್ಲಭವಾದಾಗ, ಮೆಕ್ಯಾನಿಕ್‌ಗಳು ಜೀಪು, ಲಾರಿಗಳ ಭಾಗಗಳನ್ನು ತಿದ್ದಿ ಹೊಂದಿಸಿದರು. ಡೀಸೆಲ್ ಎಂಜಿನ್ ಜೋಡಿಸಿಕೊಂಡು ಓಡಿದ ಹಳೆಯ ಕಾರುಗಳೂ ಉಂಟು. ಇವನ್ನು ವಿಕಾರಗಳೆಂದು ಕಿತ್ತುಹಾಕುವುದೇ ಸಾಮಾನ್ಯವಾದರೂ, ಆ ಹೊಂದಾಣಿಕೆಗಳಿಲ್ಲದಿದ್ದರೆ ಅಂತಹ ಕಾರುಗಳಲ್ಲಿ ಅನೇಕವು ಗುಜರಿ ಸೇರಿರುತ್ತಿದ್ದವು. ಕಿತ್ತುಹಾಕುವ ಮೊದಲು ಅವನ್ನೂ ದಾಖಲಿಸಿಡುವುದು ಯುಕ್ತ.

ದೆಹಲಿಯಲ್ಲಿ 1964ರಿಂದ ನಡೆಯುತ್ತಿರುವ ಸ್ಟೇಟ್ಸ್‌ಮನ್ ಪತ್ರಿಕೆಯ ಹಳೆಯ ಕಾರುಗಳ ರ‍್ಯಾಲಿ ದೇಶದ ಇಂತಹ ಕೂಟಗಳಲ್ಲಿ ಪ್ರಸಿದ್ಧವಾದುದು. ಕರ್ನಾಟಕದಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಹಳೆಯ ಕಾರುಗಳನ್ನು ಧರ್ಮಸ್ಥಳದಲ್ಲಿಯೂ ಶ್ರೀರಂಗಪಟ್ಟಣದ ಸಮೀಪದ ‘ಪಯಣ’ ವಸ್ತುಸಂಗ್ರಹಾಲಯದಲ್ಲಿಯೂ ನೋಡಬಹುದು.

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ಮಾಡಿದ ತಿದ್ದುಪಡಿಯು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿತು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ, ನೋಂದಣಿಯ ಅವಧಿ 10 ವರ್ಷ. ಸಂಖ್ಯಾಫಲಕದಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಈಗಾಗಲೇ ನೋಂದಣಿಯಾಗಿರುವ ವಾಹನಗಳು ತಮ್ಮ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಇಂತಹ ವಾಹನಗಳನ್ನು ದಿನನಿತ್ಯದ ಅಥವಾ ವಾಣಿಜ್ಯ ಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವಿಕೆ ಮತ್ತು ನಿರ್ವಹಣೆಗಾಗಿ ಮಾತ್ರ ಅನುಮತಿಯಿದೆ. ಚಾಸಿ, ದೇಹದ ಕವಚ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಮಾಡಿದ ವಾಹನವು ಈ ವರ್ಗಕ್ಕೆ ಸೇರುವುದಿಲ್ಲವಾದ್ದರಿಂದ, ಹಿಂದಿನ ಮಾಲೀಕರ ಕಾಲದಲ್ಲಿ ಎಂಜಿನ್ ಬದಲಾದ ಕಾರನ್ನು ಕೊಂಡ ಹವ್ಯಾಸಿಯು ಅದರ ಮೂಲ ಎಂಜಿನ್ನಿನ ಶೋಧದಿಂದಲೇ ಕೆಲಸ ಆರಂಭಿಸಬೇಕಾಗಬಹುದು.